ತೋಳಿನ ಗ್ಲುಕೋಸ್ ಸೆನ್ಸರ್: ಕಾರಣ ತಿಳಿಯದೆ ಪ್ರಜ್ಞೆ ತಪ್ಪುವವರಿಗೆ ಎಷ್ಟು ಉಪಯೋಗ?

ಮುಖ್ಯವಾಗಿ ಮಧುಮೇಹಿಗಳಿಗಾಗಿ ತಯಾರಾದ ಈ ಸಾಧನವನ್ನು ಮಧುಮೇಹವಿಲ್ಲದ ನಾನು ತೋಳಿಗೆ ಅಂಟಿಸಿಕೊಂಡದ್ದಕ್ಕೆ ಕಾರಣ ಒಂದೇ. ಆಗಾಗ ಕಣ್ಣಿಗೆ ಕತ್ತಲೆ ಕವಿದು ಪ್ರಜ್ಞೆ ತಪ್ಪುತ್ತಿತ್ತು, ಮತ್ತು ನೋಡಿದವರೆಲ್ಲ ‘ಶುಗರ್ ಲೋ ಆಗಿರಬೇಕು’ ಎಂದು ತೀರ್ಮಾನಿಸಿಬಿಡುತ್ತಿದ್ದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲವೂ ಸರಿಹೋಗಿ, ಅಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಸಹಜವಾಗಿಯೇ ಇರುತ್ತಿದ್ದುದರಿಂದ, ಬಿದ್ದ ಗಳಿಗೆಯಲ್ಲಿ ಅದು ಎಷ್ಟಿತ್ತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. ವೈದ್ಯರೊಡನೆ ಚರ್ಚಿಸಿ ಸೆನ್ಸರ್ ಹಾಕಿಸಿಕೊಂಡದ್ದು ಆ ಒಂದು ಪ್ರಶ್ನೆಗಾಗಿ, ಈ ವಿಮರ್ಶೆಯೂ ಅದೊಂದೇ ದೃಷ್ಟಿಯಿಂದ ಬರೆದದ್ದು. ದಿನವೂ ಇನ್ಸುಲಿನ್ ತೆಗೆದುಕೊಳ್ಳುವವರ ಅಗತ್ಯಗಳು ಬೇರೆ. ಅವರ ಅನುಭವವನ್ನು ನನ್ನ ಮಾತಿನಿಂದ ಅಳೆಯಬಾರದು.

ಸಾಧನ ನೋಡಲು ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟಿದೆ. ತೋಳಿನ ಹಿಂಭಾಗಕ್ಕೆ ಅಪ್ಲಿಕೇಟರನ್ನು ಒತ್ತಿದರೆ ಒಳಗಿನ ಸೂಜಿ ಚರ್ಮ ಸೀಳಿ, ಕೂದಲಿನಷ್ಟು ತೆಳುವಾದ ಬಾಗುವ ಎಳೆಯೊಂದನ್ನು ಅಲ್ಲಿಯೇ ಬಿಟ್ಟು ಹಿಂದೆ ಸರಿಯುತ್ತದೆ. ನೋವಿಗಿಂತ ಆ ‘ಟಕ್’ ಶಬ್ದಕ್ಕೇ ಹೆಚ್ಚು ಬೆಚ್ಚಿಬೀಳಬೇಕಾಗುತ್ತದೆ. ಎಳೆಯ ತುದಿಯಲ್ಲಿರುವ ಕಿಣ್ವ ಗ್ಲುಕೋಸಿನೊಂದಿಗೆ ವರ್ತಿಸಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ ಪ್ರವಾಹವನ್ನು ಸಾಧನ ಅಂಕಿಯಾಗಿ ಬದಲಿಸಿ ಮೊಬೈಲಿಗೆ ಕಳಿಸುತ್ತದೆ. ಕಿಣ್ವ ಲೇಪಿಸಿದ ವಿದ್ಯುದ್ವಾರದ ಈ ಕಲ್ಪನೆಯನ್ನು ಅಮೆರಿಕದ ವಿಜ್ಞಾನಿ ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲಿಯೇ ಮುಂದಿಟ್ಟಿದ್ದರು; ಅದು ಎರಡು ವಾರ ಮೈಮೇಲೆ ಇರಬಲ್ಲ ವಸ್ತುವಾಗಲು ದಶಕಗಳೇ ಬೇಕಾದವು.

ಕೊಳ್ಳುವ ಮೊದಲು ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ಈ ಸೆನ್ಸರ್ ರಕ್ತವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ದ್ರವದಲ್ಲಿನ ಗ್ಲುಕೋಸನ್ನು. ರಕ್ತದಲ್ಲಾದ ಬದಲಾವಣೆ ಆ ದ್ರವಕ್ಕೆ ತಲುಪಲು ಸಾಮಾನ್ಯವಾಗಿ 5ರಿಂದ 15 ನಿಮಿಷ ಹಿಡಿಯುತ್ತದೆ. ಸಕ್ಕರೆ ನಿಧಾನವಾಗಿ ಏರಿಳಿಯುವಾಗ ಈ ಅಂತರದಿಂದ ತೊಂದರೆಯಿಲ್ಲ; ಆದರೆ ಒಂದೆರಡು ನಿಮಿಷಗಳಲ್ಲಿ ನಡೆದು ಮುಗಿಯುವ ಘಟನೆಯನ್ನು ಹಿಡಿಯಹೊರಟವರು ಈ ಮಿತಿಯನ್ನು ಸದಾ ನೆನಪಿನಲ್ಲಿ ಇಟ್ಟುಕೊಂಡೇ ಗ್ರಾಫ್ ಓದಬೇಕು. ಮೊದಲ ದಿನದ ಅಂಕಿಗಳಂತೂ ಅಷ್ಟಾಗಿ ನಂಬುವಂತಿರುವುದಿಲ್ಲ, ಎಳೆ ಹೊಕ್ಕ ಜಾಗದ ಅಂಗಾಂಶ ಶಾಂತವಾಗಲು ಸಮಯ ಬೇಕು. ಕೆಲವು ಸೆನ್ಸರ್‌ಗಳಲ್ಲಿ ಹೆಚ್ಚು ಪ್ರಮಾಣದ ವಿಟಮಿನ್ ಸಿ ಮಾತ್ರೆಗಳು ಅಂಕಿಯನ್ನು ಇರುವುದಕ್ಕಿಂತ ಮೇಲಕ್ಕೆ ತೋರಿಸುತ್ತವೆ, ಅಂದರೆ ನಿಜವಾಗಿ ಸಕ್ಕರೆ ಇಳಿದಿದ್ದರೂ ಅದು ಮರೆಯಾಗಬಹುದು. ಬಳಕೆಯ ಕೈಪಿಡಿಯಲ್ಲಿ ಈ ಎಚ್ಚರಿಕೆ ಇರುತ್ತದೆ, ಆದರೆ ಅಷ್ಟು ಸಣ್ಣ ಅಕ್ಷರದಲ್ಲಿ ಅದನ್ನು ಓದುವವರು ಎಷ್ಟು ಮಂದಿ?

ನನಗೆ ಹೆಚ್ಚು ಕಿರಿಕಿರಿ ಕೊಟ್ಟದ್ದು ರಾತ್ರಿಯ ಅಲಾರಂ. ಗಾಢ ನಿದ್ದೆಯಲ್ಲಿರುವಾಗ ಮೊಬೈಲ್ ಕಿರುಚಿಕೊಂಡು ಸಕ್ಕರೆ ಡೆಸಿಲೀಟರಿಗೆ 58 ಮಿಲಿಗ್ರಾಂಗೆ ಇಳಿದಿದೆ ಎಂದು ತೋರಿಸುತ್ತಿತ್ತು. ಎದ್ದು ಕುಳಿತು ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿದರೆ 86. ಸೆನ್ಸರ್ ಇರುವ ಮಗ್ಗುಲಿಗೇ ಹೊರಳಿ ಮಲಗಿದಾಗ ಆ ಭಾಗದ ಮೇಲೆ ಒತ್ತಡ ಬಿದ್ದು ದ್ರವದ ಸಂಚಾರ ಕುಗ್ಗುವುದರಿಂದ ಈ ಸುಳ್ಳು ಇಳಿತ ಕಾಣಿಸಿಕೊಳ್ಳುತ್ತದೆ. ಗ್ರಾಫಿನಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ: ಗೆರೆ ಇದ್ದಕ್ಕಿದ್ದಂತೆ ಹಳ್ಳಕ್ಕೆ ಬಿದ್ದು, ಮಗ್ಗುಲು ಬದಲಿಸಿದೊಡನೆ ಅಷ್ಟೇ ವೇಗವಾಗಿ ಮೇಲೇರುತ್ತದೆ. ಆದರೆ ಆ್ಯಪ್ ಇದನ್ನೂ ‘ಲೋ’ ಎಂದೇ ಕೆಂಪು ಬಣ್ಣದಲ್ಲಿ ಎಣಿಸಿ ವರದಿಗೆ ಸೇರಿಸುತ್ತದೆ. ಮೊದಲೇ ಭಯದಲ್ಲಿರುವ ಮನುಷ್ಯನಿಗೆ ಬೆಳಗ್ಗೆ ಆ ಕೆಂಪು ಗೆರೆ ನೋಡಿದಾಗ ಏನೆನ್ನಿಸಬಹುದು ಎಂದು ಆ್ಯಪ್ ರೂಪಿಸಿದವರು ಯೋಚಿಸಿದಂತಿಲ್ಲ. ಗ್ರಾಹಕ ಸೇವೆಗೆ ಬರೆದು ಕೇಳಿದ್ದಕ್ಕೆ ಬಂದ ಉತ್ತರ ಸೆನ್ಸರ್ ಬದಲಿಸಿ ಎಂಬುದಷ್ಟೇ. ಮಲಗುವ ಭಂಗಿಯ ವಿಚಾರ ತಿಳಿಸಿದವರು ವೈದ್ಯರು.

ಹಾಗಾಗಿ ಗ್ಲುಕೋಮೀಟರ್ ಜೊತೆಯಲ್ಲಿಲ್ಲದೆ ಈ ಸೆನ್ಸರ್ ಅರ್ಧ ಉಪಕರಣ. ಗ್ಲುಕೋಮೀಟರೂ ಚಿನ್ನದ ತಕ್ಕಡಿಯೇನಲ್ಲ. ಗ್ಲುಕೋಮೀಟರುಗಳ ನಿಖರತೆಗಿರುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 15197ರ 2013ರ ಆವೃತ್ತಿಯ ಪ್ರಕಾರ 100ಕ್ಕಿಂತ ಕಡಿಮೆ ಅಂಕಿಗಳಲ್ಲಿ ಶೇ. 95ರಷ್ಟು ಫಲಿತಾಂಶಗಳು ನಿಜಮೌಲ್ಯದಿಂದ 15 ಮಿಲಿಗ್ರಾಂ ಒಳಗೆ ಇದ್ದರೆ ಸಾಕು. ಬೆರಳಿಗೆ ಹಣ್ಣಿನ ರಸವೋ ಸಿಹಿಯೋ ಅಂಟಿದ್ದರೆ ಅಂಕಿ ಮೇಲೆ ಹೋಗುವುದರಿಂದ, ಕೈ ತೊಳೆದು ಒರೆಸಿಕೊಂಡ ಮೇಲೆಯೇ ಚುಚ್ಚಬೇಕು.

ಇನ್ನು ಅಂಕಿಗಳ ಅರ್ಥ. ಒಂದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಎಚ್ಚರಿಕೆ, 54ಕ್ಕಿಂತ ಕೆಳಗಿಳಿದರೆ ಗಂಭೀರ ಎಂಬುದು ಮಧುಮೇಹಿಗಳಿಗಾಗಿ ಒಪ್ಪಿಕೊಂಡಿರುವ ಗೆರೆ. ಆರೋಗ್ಯವಂತರ ಸೆನ್ಸರ್ ಕೂಡ, ವಿಶೇಷವಾಗಿ ರಾತ್ರಿ ವೇಳೆ, ಸ್ವಲ್ಪ ಹೊತ್ತು 70ಕ್ಕಿಂತ ಕೆಳಗೆ ತೋರಿಸುವುದುಂಟು. ಅದು ಅಷ್ಟಕ್ಕೇ ಕಾಯಿಲೆಯಾಗುವುದಿಲ್ಲ. ಮಧುಮೇಹವಿಲ್ಲದವರಲ್ಲಿ ಸಕ್ಕರೆ ಇಳಿಯುವ ಕಾಯಿಲೆಯಿದೆ ಎನ್ನಲು ವೈದ್ಯರು ಇಂದಿಗೂ ನೋಡುವುದು ಶಸ್ತ್ರವೈದ್ಯ ಅಲೆನ್ ವಿಪಲ್ 1930ರ ದಶಕದಲ್ಲಿ ಹೇಳಿದ ಮೂರು ಸಂಗತಿಗಳನ್ನು. ಲಕ್ಷಣಗಳು ಇರಬೇಕು, ಆ ಹೊತ್ತಿಗೇ ತೆಗೆದ ರಕ್ತದಲ್ಲಿ ಸಕ್ಕರೆ ಕಡಿಮೆಯಿರಬೇಕು, ಸಕ್ಕರೆ ಏರಿಸಿದಾಗ ಲಕ್ಷಣಗಳು ಹೋಗಬೇಕು. ಇವುಗಳಲ್ಲಿ ಎರಡನೆಯದನ್ನು ರಕ್ತನಾಳದಿಂದ ತೆಗೆದು ಪ್ರಯೋಗಾಲಯದಲ್ಲಿ ನೋಡಿದ ರಕ್ತವೇ ಸಾಬೀತುಪಡಿಸಬೇಕು. ಸೆನ್ಸರಿನ ಗ್ರಾಫ್ ಅನುಮಾನಕ್ಕೆ ಆಧಾರವಾಗಬಹುದೇ ಹೊರತು ರೋಗನಿರ್ಣಯವಾಗದು.

ಇಷ್ಟೆಲ್ಲ ಕೊರತೆಗಳಿದ್ದರೂ ನಾನು ಕೇಳಿದ ಪ್ರಶ್ನೆಗೆ ಈ ಸಾಧನ ಉತ್ತರ ಕೊಟ್ಟಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಸೆನ್ಸರ್ ತೋಳಿನಲ್ಲಿರುವಾಗಲೇ, ಬಹಳ ಹೊತ್ತು ಸಾಲಿನಲ್ಲಿ ನಿಂತಿದ್ದವನು ಕುಸಿದುಬಿದ್ದೆ. ಎಚ್ಚರವಾದಾಗ ಮೈ ಬೆವರಿತ್ತು, ಕೈ ತಣ್ಣಗಿತ್ತು. ಗ್ರಾಫ್ ತೆಗೆದು ನೋಡಿದರೆ ಬೀಳುವ ಮುಂಚಿನ ಒಂದು ಗಂಟೆಯೂ, ಬಿದ್ದ ನಂತರದ ಅರ್ಧ ಗಂಟೆಯೂ ಗೆರೆ 90ರ ಆಸುಪಾಸಿನಲ್ಲಿ ಸಮತಟ್ಟಾಗಿ ಸಾಗಿತ್ತು. ಬೆರಳು ಚುಚ್ಚಿ ನೋಡಿದ ಅಂಕಿ 96. ಹತ್ತು ಹದಿನೈದು ನಿಮಿಷದ ತಡವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಲ್ಲಿ ಇಳಿತವೇ ಇರಲಿಲ್ಲ. ಅದನ್ನು ನೋಡಿದ ವೈದ್ಯರು ಇಸಿಜಿ ತೆಗೆಸಿ, ಮಲಗಿಸಿ ಬಿ.ಪಿ. ನೋಡಿ, ಎದ್ದು ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿದರು. ಈ ಅವಧಿಯಲ್ಲಿ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದು ನಿಂತಾಗ ರಕ್ತದೊತ್ತಡ ಕುಸಿಯುವ ತೊಂದರೆ. ನನ್ನದು ಅದಕ್ಕಿಂತಲೂ ಹೆಚ್ಚು ಇಳಿಯಿತು.

ಬೆವರು, ನಡುಕ, ಎದೆಬಡಿತ ಸಕ್ಕರೆ ಇಳಿದಾಗಲೂ ಬರುತ್ತವೆ, ರಕ್ತದೊತ್ತಡ ಕುಸಿಯುವ ಮುನ್ನವೂ ಬರಬಹುದು. ಜನ ಇವೆರಡನ್ನೂ ಒಂದೇ ಎಂದುಕೊಳ್ಳುವುದು ಇದರಿಂದಲೇ. ವ್ಯತ್ಯಾಸ ಕಾಣುವುದು ಚೇತರಿಕೆಯಲ್ಲಿ. ಮಿದುಳಿಗೆ ರಕ್ತ ಸಾಲದೆ ಬಿದ್ದವನು ನೆಲಕ್ಕೊರಗಿದೊಡನೆ ರಕ್ತ ತಲೆಗೆ ಹರಿದು, ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ ತಾನಾಗಿಯೇ ಎಚ್ಚರಗೊಳ್ಳುತ್ತಾನೆ. ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಿದವನಲ್ಲಿ ಅದಕ್ಕೆ ಮೊದಲು ಗೊಂದಲ, ತೊದಲು ಮಾತು, ವಿಚಿತ್ರ ನಡವಳಿಕೆ ಕಂಡುಬರುವುದು ಹೆಚ್ಚು, ಮತ್ತು ಗ್ಲುಕೋಸ್ ಸಿಗುವವರೆಗೆ ಅವನು ಸಾಮಾನ್ಯವಾಗಿ ಅಷ್ಟು ಬೇಗ ಸರಿಹೋಗುವುದಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು ಅಥವಾ ಸಿಹಿ ಹಾಕಬಾರದು; ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಹಾಗಾದರೆ ಯಾರಿಗೆ ಇದು ಬೇಕು? ಜಠರದ ಶಸ್ತ್ರಚಿಕಿತ್ಸೆಯ ನಂತರ, ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ತಲೆ ಸುತ್ತಿ ಬೆವರುವವರಿಗೆ ಯಾವ ಊಟದ ಬಳಿಕ ಗೆರೆ ಕುಸಿಯುತ್ತದೆ ಎಂದು ತಿಳಿಯಲು ಇದು ನಿಜಕ್ಕೂ ಅನುಕೂಲ. ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಜಾವ ಗೊಂದಲಕ್ಕೀಡಾಗುವವರು ಸೆನ್ಸರಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಯ ಪರೀಕ್ಷೆಗೆ ಹೋಗಬೇಕು. ಅಲ್ಲಿ 72 ಗಂಟೆಯವರೆಗಿನ ಉಪವಾಸದ ಪರೀಕ್ಷೆ ಮಾಡಿ, ಸಕ್ಕರೆ ಇಳಿದ ಹೊತ್ತಿನಲ್ಲಿ ಇನ್ಸುಲಿನ್ ಮತ್ತು, ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಹುಟ್ಟುವ ಸಿ-ಪೆಪ್ಟೈಡ್ ಅಳೆಯುತ್ತಾರೆ; ಮೇದೋಜೀರಕ ಗ್ರಂಥಿಯಲ್ಲಿ ಬೆಳೆದು ಇನ್ಸುಲಿನ್ ಸುರಿಸುವ, ಅಪರೂಪದ ಇನ್ಸುಲಿನೋಮಾ ಗಡ್ಡೆ ಪತ್ತೆಯಾಗುವುದು ಹಾಗೆ. ಓಡುವಾಗ, ಮೆಟ್ಟಿಲೇರುವಾಗ ಅಥವಾ ಎದೆನೋವಿನೊಂದಿಗೆ ಪ್ರಜ್ಞೆ ತಪ್ಪಿದವರು ಮೊದಲು ನೋಡಿಸಿಕೊಳ್ಳಬೇಕಾದದ್ದು ಹೃದಯವನ್ನು. ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಮೊದಲ ಗ್ಲುಕೋಸ್ ಸೆನ್ಸರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚ್‌ನಲ್ಲಿ ಅನುಮತಿ ಕೊಟ್ಟಾಗಲೂ, ಸಕ್ಕರೆ ಅಪಾಯಕಾರಿಯಾಗಿ ಇಳಿಯುವ ತೊಂದರೆಯುಳ್ಳವರಿಗೆ ಅದು ತಕ್ಕುದಲ್ಲ, ಇಳಿತದ ಎಚ್ಚರಿಕೆ ನೀಡುವಂತೆ ಅದನ್ನು ರೂಪಿಸಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಆದ್ದರಿಂದ ಕೊಳ್ಳುವಾಗ ಅಲಾರಂ ಇರುವ ಮಾದರಿಯೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಅಂಟು ಸ್ನಾನಕ್ಕೆ ಜಗ್ಗಲಿಲ್ಲ, ಆದರೆ ಅಂಗಿ ಕಳಚುವಾಗ ಅದರ ತೋಳಿಗೆ ಸಿಕ್ಕಿ ಒಮ್ಮೆ ಅಂಚು ಎದ್ದಿತು. ಚರ್ಮ ಸ್ವಲ್ಪ ಕೆಂಪಾದದ್ದು ತಾನಾಗಿ ಇಳಿಯಿತು. ಆ್ಯಪ್‌ನಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಟಿಪ್ಪಣಿ ಬರೆಯುವ ಜಾಗ: ಊಟ, ನಿದ್ದೆ, ನಿಂತದ್ದು, ತಲೆ ಸುತ್ತಿದ್ದು ಎಲ್ಲವನ್ನೂ ಆಯಾ ಸಮಯಕ್ಕೆ ಗುರುತು ಹಾಕಬಹುದು. ಕೊನೆಯಲ್ಲಿ ಅದು ತಾನಾಗಿ ತಯಾರಿಸುವ ವರದಿಯ ಮೊದಲ ಪುಟ ಎರಡು ವಾರದ ಸರಾಸರಿಯನ್ನು ತೋರಿಸುತ್ತದೆ, ಪ್ರಜ್ಞೆ ತಪ್ಪಿದವರಿಗೆ ಅದು ನಿರುಪಯೋಗಿ. ವೈದ್ಯರ ಬಳಿಗೆ ಹೋಗುವಾಗ ಒಳಪುಟಗಳಲ್ಲಿರುವ ದಿನವಾರು ಗ್ರಾಫನ್ನು, ಟಿಪ್ಪಣಿಗಳ ಸಮೇತ, ಬೇರೆಯಾಗಿ ಮುದ್ರಿಸಿಕೊಂಡು ಹೋಗಿ.