ಎಂಎ ಹಿಸ್ಟರಿಯ ಮಧ್ಯಕಾಲೀನ ಪೇಪರ್: ನನ್ನ ಅನುಭವ

ಎರಡು ವರ್ಷ ಮುಗೀತು, ಸೇರ್ಬೇಕಾ ಅಂತ ಕೇಳೋರಿಗೆ ಹೇಳ್ತೀನಿ, ಖಂಡಿತ ಸೇರಿ. ಶಾಸನ ಓದೋದು ಕಲಿಸ್ತಾರಲ್ಲ, ಅದೊಂದೇ ಸಾಕು. ಮೊದಲ ಸೆಮಿಸ್ಟರ್‌ನಲ್ಲಿ ಹಳೇ ಲಿಪಿ ತಲೆಗೇ ಹತ್ತಲಿಲ್ಲ, ಆಮೇಲೆ ಕೊಡಗಿನ ಶನಿವಾರಸಂತೆ ಹತ್ರ ಮುಳ್ಳೂರು ಬಸದಿಗೆ ಕರ್ಕೊಂಡು ಹೋದ್ರು, 11ನೇ ಶತಮಾನದಲ್ಲಿ ಆ ಭಾಗ ಆಳ್ತಿದ್ದ ಕೊಂಗಾಳ್ವ ಅರಸರ ಶಾಸನದ ಕಲ್ಲಿನ ಮುಂದೆ ಕೂತು ಒಂದೊಂದೇ ಅಕ್ಷರ ಬಿಡಿಸ್ತಾ ಹೋದಾಗ ಮೈ ಜುಮ್ ಅಂತು, ಚಿಕ್ಕಂದಿನಿಂದ ಅದೇ ದಾರೀಲಿ ಬಸ್ಸಲ್ಲಿ ಓಡಾಡಿದೀನಿ ನಾನು! ಕೊಡಗಿನ ಇತಿಹಾಸ ಹಾಲೇರಿ ರಾಜರಿಂದಲೇ ಶುರು ಅಂದ್ಕೊಂಡಿದ್ದೆ, ಅದಕ್ಕೂ ಎಷ್ಟೋ ಮುಂಚೆ ಚಂಗಾಳ್ವರು, ಕೊಂಗಾಳ್ವರು, ಚೋಳರ ಜೊತೆ ಹೊಯ್ಸಳರ ಜೊತೆ ಅವರ ಸಂಬಂಧ ಎಲ್ಲಾ ಇದೆ. ಲೈಬ್ರರಿ ಮಾತ್ರ ಸಾಲದು. ಶಾಸನಗಳನ್ನ ಸಂಗ್ರಹಿಸಿದ ವಿದ್ವಾಂಸ ಬಿ.ಎಲ್. ರೈಸ್ ಅವರ 1886ರ ಕೊಡಗಿನ ಶಾಸನಗಳ ಸಂಪುಟ ಒಂದೇ ಕಾಪಿ ಇತ್ತು, ಅದಕ್ಕೂ ಕ್ಯೂ. ಮಳೆಗಾಲದಲ್ಲಿ ಬಸ್ ತಪ್ಪಿದ್ರೆ ಕ್ಲಾಸೂ ಹೋಯ್ತು, ಹಾಸ್ಟೆಲ್ ಸಿಕ್ರೆ ಬಿಡ್ಬೇಡಿ.