ತಗಡಿನ ಮೇಲೆ ಮಳೆ, ಮುಳ್ಳಿನ ಕೆಳಗೆ ಎಲ್‌ಪಿ

ವಿರಾಜಪೇಟೆಯಿಂದ ಒಳಗೆ, ಕಾಫಿ ತೋಟದ ನಡುವೆ ನಮ್ಮ ಮನೆ. ಜುಲೈನಲ್ಲಿ ಇಲ್ಲಿ ಸದ್ದು ಮಾಡುವುದು ಎರಡೇ: ಜಗಲಿಯ ತಗಡಿನ ಮೇಲೆ ಮಳೆ, ನಡುಮನೆಯಲ್ಲಿ ಎಲ್‌ಪಿ ತಟ್ಟೆ ನುಡಿಸುವ ನನ್ನ ರೆಕಾರ್ಡ್ ಪ್ಲೇಯರು. ಗೆಲ್ಲುವುದು ಹೆಚ್ಚಾಗಿ ಮಳೆಯೇ. ಹೊಸದಾಗಿ ಪ್ಲೇಯರ್ ತಂದ ಗೋಣಿಕೊಪ್ಪದ ಗೆಳೆಯ ‘ಯಾವ ಎಲ್‌ಪಿ ತಗೊಳ್ಳಲಿ?’ ಎಂದು ಕೇಳಿದಾಗ, ಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸುವುದು ಬೇಡ ಅನ್ನಿಸಿತು. ಈ ಮಳೆಗಾಲ ಪೂರ್ತಿ ಪಾಶ್ಚಾತ್ಯ ಸಂಗೀತದ ನಾಲ್ಕು ಬಗೆಗಳಾದ ಸೋಲ್ (soul), ಜಾಝ್, ರಾಕ್, ಹಿಪ್ ಹಾಪ್‌ಗಳಲ್ಲಿ ಎರಡೆರಡು ಎಲ್‌ಪಿಗಳನ್ನು ಜೋಡಿ ಕಟ್ಟಿ, ಒಂದಾದ ಮೇಲೊಂದು ಹಾಕಿ ಕೇಳಿದೆ.

ನನ್ನದು ಬೆಲ್ಟ್ ಹಾಕಿದ ಪ್ಲೇಯರು, ತಟ್ಟೆಯ ಮೇಲೆ ಓಡುವ ಮುಳ್ಳಿನ ಭಾರ 2 ಗ್ರಾಂ. ಆಂಪ್ಲಿಫೈಯರ್ ಇನ್ವರ್ಟರ್ ಮೇಲಿದೆ, ಪ್ಲೇಯರ್ ಇಲ್ಲ. ನಮ್ಮ ಹಳೇ ಇನ್ವರ್ಟರಿಗೆ ಕೊಟ್ಟರೆ ಅದರ ಮೋಟಾರು ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ. ಇದನ್ನೇಕೆ ಹೇಳುತ್ತಿದ್ದೇನೆಂದರೆ, ಸೋಲ್ ಜೋಡಿಯನ್ನು ಹೋಲಿಸುವಾಗ ಇದು ಲೆಕ್ಕಕ್ಕೆ ಬರುತ್ತದೆ.

ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ (1971) ಒಂದು ಕಡೆ, ಅಲ್ ಗ್ರೀನ್‌ನ ‘ಲೆಟ್ಸ್ ಸ್ಟೇ ಟುಗೆದರ್’ (1972) ಇನ್ನೊಂದು ಕಡೆ. ಮಾರ್ವಿನ್‌ನ ಮೊದಲ ಮಗ್ಗುಲಲ್ಲಿ ಹಾಡುಗಳು ಒಂದಕ್ಕೊಂದು ಹೆಣೆದುಕೊಂಡು ಸಾಗುತ್ತವೆ, ನಡುವೆ ಬಿಡುವಿಲ್ಲ. ಅದರ ಮಧ್ಯೆ ಕರೆಂಟು ಹೋಯಿತು ಅನ್ನಿ. ತಟ್ಟೆ ನಿಧಾನವಾಗುತ್ತದೆ, ಆಂಪ್ಲಿಫೈಯರ್ ಮಾತ್ರ ಎಚ್ಚರವಾಗಿರುತ್ತದೆ. ಮಾರ್ವಿನ್‌ನ ದನಿ ಇಳಿದು, ಇಳಿದು, ಕೊನೆಗೆ ಕೆಸರಿನಲ್ಲಿ ಹೂತ ಎಮ್ಮೆಯ ನರಳಾಟವಾಗಿ ನಿಲ್ಲುತ್ತದೆ. ಮತ್ತೆ ಮೊದಲಿನಿಂದ ಹಾಕಬೇಕು. ಒಂದು ಸಂಜೆ ಮೂರು ಸಲ ಹೀಗಾಯಿತು.

ಅಲ್ ಗ್ರೀನ್‌ಗೆ ಆ ಗೋಳಿಲ್ಲ, ಒಂದೊಂದು ಹಾಡೂ ಬಿಡಿ. ಮೆಂಫಿಸ್‌ನಲ್ಲಿ ಹಳೇ ಸಿನಿಮಾ ಟಾಕೀಸನ್ನೇ ಸ್ಟುಡಿಯೋ ಮಾಡಿಕೊಂಡು ವಿಲ್ಲಿ ಮಿಚೆಲ್ ಮಾಡಿದ ಧ್ವನಿಮುದ್ರಣ ಅದು. ಡ್ರಮ್ಮಿನ ಪೆಟ್ಟು ಒಣಗಿದ ಸೌದೆಯಂತೆ ಟಕ್ ಎಂದು ಹತ್ತಿರದಲ್ಲೇ ಬೀಳುತ್ತದೆ, ಮಳೆಯನ್ನು ಸೀಳಿಕೊಂಡು ಬರುತ್ತದೆ. ಕಿವಿಗೆ ಕೇಳಿದರೆ ನನ್ನ ಮತ ಇದಕ್ಕೇ. (ಬೂಷ್ಟು ಹಿಡಿದ ನನ್ನ ಮೊದಲ ಪ್ರತಿಯನ್ನು ತೊಳೆದು, ಒಣಗಲೆಂದು ಹಂಡೆ ಒಲೆಯ ಪಕ್ಕ ನಿಲ್ಲಿಸಿ ಕೊಟ್ಟಿಗೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅದು ಮಾಡಿನ ಹಂಚಿನ ಹಾಗೆ ಬಾಗಿತ್ತು. ಈಗಿರುವುದು ಎರಡನೆಯದು. ಬೀರುವಿನ ಮೇಲಿನ ಖಾನೆಯಲ್ಲಿ ಸಣ್ಣ ಬಲ್ಬು ಉರಿಸಿ, ಎಲ್‌ಪಿಗಳನ್ನು ತಳದ ಖಾನೆಯಲ್ಲಿ ನೆಟ್ಟಗೆ ನಿಲ್ಲಿಸಿಟ್ಟಿದ್ದೇನೆ.)

ಆದರೂ ಮನೆಯಲ್ಲಿ ಗೆದ್ದದ್ದು ಮಾರ್ವಿನ್. ಸೇನೆಯಿಂದ ನಿವೃತ್ತರಾದ ಮಾವ ಒಂದು ದಿನ ಬಂದಿದ್ದರು. ಇಂಗ್ಲಿಷ್ ಹಾಡೆಂದರೆ ಎದ್ದು ಜಗಲಿಗೆ ಹೋಗುವ ಮನುಷ್ಯ. ಎರಡನೇ ಹಾಡಿಗೆ ‘ಏನಂತೆ ಇವನ ಕಥೆ?’ ಅಂದರು. ವಿಯೆಟ್ನಾಂ ಯುದ್ಧ ಮುಗಿಸಿ ಮನೆಗೆ ಬಂದ ಸಿಪಾಯಿ, ಊರಲ್ಲಿ ಏನು ಸಮಾಚಾರ, ಎಲ್ಲಾದರೂ ಕೆಲಸ ಸಿಗುತ್ತಾ ಎಂದು ಕೇಳುತ್ತಿದ್ದಾನೆ ಎಂದೆ. ಮಾರ್ವಿನ್‌ನ ತಮ್ಮನೇ ಹಾಗೆ ಬಂದವನು ಎಂದೂ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನೊಂದು ಸಲ ಹಾಕು ನೋಡುವ’ ಅಂದರು.

ಜಾಝ್‌ನಲ್ಲಿ ಎರಡೂ 1959ರವು. ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಆದರೆ ಜುಲೈನಲ್ಲಿ ಹಾಕಬೇಡಿ. ಮೊದಲ ಹಾಡು ಪಿಯಾನೋ ಮತ್ತು ಬಾಸ್ ಎಂಬ ಮಂದ್ರದ ತಂತಿವಾದ್ಯದ ಪಿಸುಮಾತಿನಿಂದ ಶುರುವಾಗುತ್ತದೆ, ಅಷ್ಟನ್ನೂ ಮಳೆ ನುಂಗುತ್ತದೆ. ಡ್ರಮ್ ಬಾರಿಸಿದ ಜಿಮ್ಮಿ ಕಾಬ್‌ನ ಸಿಂಬಲ್ ಯಾವುದು, ತಗಡಿನ ಮೇಲಿನ ಹನಿ ಯಾವುದು ಎಂದು ಬಿಡಿಸಲಾಗುವುದಿಲ್ಲ. ಇದೇ ಎಲ್‌ಪಿಯನ್ನು ಜನವರಿಯ ರಾತ್ರಿ, ಕಾಫಿ ಕುಯ್ಲಿನ ಕೆಲಸ ಮುಗಿದು ಕಣದಲ್ಲಿ ಮಂಜು ಇಳಿಯುವಾಗ ಕೇಳಿದ್ದೇನೆ. ಡೇವಿಸ್‌ನ ತುತ್ತೂರಿ ಎದುರಿಗೇ ನಿಂತಂತೆ ಇತ್ತು. ಕೊಳ್ಳುವವರಿಗೆ ಒಂದು ಮಾತು: ಟೇಪ್ ಯಂತ್ರದ ವೇಗದ ದೋಷದಿಂದ ಹಳೇ ಪ್ರತಿಗಳ ಮೊದಲ ಮಗ್ಗುಲು ಶ್ರುತಿಯಲ್ಲಿ ತುಸು ಏರಿದೆ. ಅದನ್ನು ಸರಿಪಡಿಸಿದ್ದು 1992ರಲ್ಲಿ. ಹಾಗಾಗಿ ಹೊಸ ಒತ್ತಿನದೇ ವಾಸಿ.

ಡೇವ್ ಬ್ರೂಬೆಕ್‌ನ ‘ಟೈಮ್ ಔಟ್’ ಮಳೆಗೆ ಜಗ್ಗುವುದಿಲ್ಲ. ‘ಟೇಕ್ ಫೈವ್’ ಬಂದಾಗ ಅಡುಗೆಮನೆಯಿಂದ ಹೆಂಡತಿಯ ದನಿ: ‘ರೀ, ಇದು ಖಂಡ ಛಾಪು ಅಲ್ವಾ?’ ಅವಳು ಮೈಸೂರಿನಲ್ಲಿ ಸಂಗೀತ ಕಲಿತವಳು. ಲಟ್ಟಣಿಗೆಯಲ್ಲೇ ತಾಳ ಹಾಕಿದಳು, ತಪ್ಪಿತು. ಐದೇನೋ ಹೌದು, ಆದರೆ ನಮ್ಮದು ಎರಡು ಮತ್ತು ಮೂರು, ಅವರದು ಮೂರು ಮತ್ತು ಎರಡು. ಎರಡು ಸುತ್ತು ಕೇಳಿ ಹಿಡಿದುಬಿಟ್ಟಳು. ಆ ಹಾಡು ಮೊದಲ ಮಗ್ಗುಲಿನ ಕೊನೆಯಲ್ಲಿದೆ. ಅಲ್ಲಿ ಗೀರುಗಳ ಸುತ್ತು ಕಿರಿದಾಗುವುದರಿಂದ ಸವೆದ ಮುಳ್ಳಿನ ಬಣ್ಣ ಬಯಲಾಗುತ್ತದೆ. ಅದನ್ನು ಕೇಳಿಯೇ ನಾನು ಮುಳ್ಳು ಬದಲಾಯಿಸಿದ್ದು. ಮಳೆಗಾಲಕ್ಕೆ ‘ಟೈಮ್ ಔಟ್’, ಚಳಿಗೆ ‘ಕೈಂಡ್ ಆಫ್ ಬ್ಲೂ’.

ರಾಕ್‌ನಲ್ಲಿ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ (1973) ನನ್ನಲ್ಲಿರುವುದು ಕೋಲ್ಕತ್ತದ ಡಂ ಡಂನಲ್ಲಿ ಒತ್ತಿದ ಹಳೇ ಪ್ರತಿ. ಚಟಪಟ ಸದ್ದಿದೆ, ಇರಲಿ. ಆರಂಭದ ಎದೆಬಡಿತ ಮಳೆಯಲ್ಲಿ ಕೇಳುವುದಿಲ್ಲವೆಂದು ವಾಲ್ಯೂಮ್ ಏರಿಸಿದೆ. ಏರಿಸಿದ್ದನ್ನು ಮರೆತೆ. ‘ಟೈಮ್’ ಹಾಡಿನ ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸಿದಾಗ ಸೋಫಾದ ಕೆಳಗಿದ್ದ ನಾಯಿ, ಜಿಗಣೆಯನ್ನೂ ಮಳೆಯನ್ನೂ ಲೆಕ್ಕಿಸದೆ ತೋಟಕ್ಕೆ ಓಡಿತು. ಎರಡನೇ ಮಗ್ಗುಲಿನ ‘ಮನಿ’ಯದು ಏಳರ ತಾಳ. ಗಿಟಾರ್ ಒಂಟಿಯಾಗಿ ಹೊರಟಾಗ ನಾಲ್ಕಕ್ಕೆ ಇಳಿಯುತ್ತದೆ, ಲಟ್ಟಣಿಗೆಯವರು ಅಲ್ಲಿ ಮತ್ತೆ ತಪ್ಪಿದರು.

ಲೆಡ್ ಝೆಪ್ಪೆಲಿನ್‌ನ ನಾಲ್ಕನೆಯದಕ್ಕೆ (1971) ಮುಖಪುಟದಲ್ಲಿ ಹೆಸರೂ ಇಲ್ಲ. ಸದ್ದಿನ ಲೆಕ್ಕದಲ್ಲಿ ಅದರ ಮುಂದೆ ಮಳೆ ಏನೂ ಅಲ್ಲ. ಕೊನೆಯ ಹಾಡಿಗೆ ಹಳೇ ಬಂಗಲೆಯ ಹಜಾರದಲ್ಲಿ ಡ್ರಮ್ ಇಟ್ಟು, ಮೆಟ್ಟಿಲ ಮೇಲಿನಿಂದ ಮೈಕು ಇಳಿಬಿಟ್ಟು ಮುದ್ರಿಸಿದ್ದಾರೆ. ಗೋಡೆ ನಡುಗುತ್ತದೆ. ಮೂಲದಲ್ಲಿ ಅದು 1927ರ ಮಿಸ್ಸಿಸಿಪ್ಪಿ ಪ್ರವಾಹದ ಮೇಲೆ ಮೆಂಫಿಸ್ ಮಿನ್ನಿ, ಕಾನ್ಸಸ್ ಜೋ ಮೆಕಾಯ್ 1929ರಲ್ಲಿ ಹಾಡಿದ್ದು. ಮಳೆ ಹೀಗೇ ಹೊಡೆದರೆ ಕಟ್ಟೆ ಒಡೆಯುತ್ತದೆ ಎನ್ನುವ ಹಾಡು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದ ಮೇಲೆ ಮಳೆಯ ರಾತ್ರಿ ನಾನದನ್ನು ಹಾಕಿಲ್ಲ. ಈ ಸಲ ಹೋಲಿಕೆಗೆಂದು ಹಾಕಿದೆ, ಅರ್ಧಕ್ಕೇ ಮುಳ್ಳು ಎತ್ತಿದೆ. ಗೆಳೆಯನಿಗೆ ಪಿಂಕ್ ಫ್ಲಾಯ್ಡ್ ತಗೋ ಎಂದಿದ್ದೇನೆ.

ಹಿಪ್ ಹಾಪ್ ನನ್ನದಲ್ಲ, ಬೆಂಗಳೂರಿನಲ್ಲಿರುವ ಮಗಳದ್ದು. ‘ಇದರಲ್ಲಿ ಸಂಗೀತ ಎಲ್ಲಿದೆ ಮಗಾ?’ ಎಂದು ಹೀಯಾಳಿಸುತ್ತಿದ್ದವನು ನಾನೇ. ಅವಳು ರಜೆಗೆ ಬಂದಾಗ ನಾಸ್‌ನ ‘ಇಲ್ಮ್ಯಾಟಿಕ್’ (1994), ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ ‘ದ ಲೋ ಎಂಡ್ ಥಿಯರಿ’ (1991) ಎರಡನ್ನೂ ತಂದಳು. ನಾಸ್‌ನದು ಮಾತಿನ ಆಲ್ಬಂ, ಪೂರ್ತಿ ನಲವತ್ತು ನಿಮಿಷವೂ ಇಲ್ಲ. ಮಳೆಯಲ್ಲಿ ನನಗೆ ಆ ಮಾತು ಅರ್ಧ ದಕ್ಕಿತು, ಅರ್ಧ ಜಾರಿತು. ಅದರಲ್ಲಿ ಒಂದು ಕಡೆ ತುತ್ತೂರಿಯಂಥ ಕಾರ್ನೆಟ್ ಊದಿದವರು ಅವನ ಅಪ್ಪ ಓಲು ದಾರಾ ಎಂದು ಮಗಳು ಹೇಳಿದ ಮೇಲೆ ಆ ಹಾಡನ್ನು ಮಾತ್ರ ಮತ್ತೆ ಮತ್ತೆ ಕೇಳಿದೆ.

‘ಲೋ ಎಂಡ್ ಥಿಯರಿ’ ಶುರುವಾಗುವುದೇ ಡಬಲ್ ಬಾಸಿನಿಂದ, ಆರ್ಟ್ ಬ್ಲೇಕಿಯ ಹಳೇ ಜಾಝ್ ರೆಕಾರ್ಡಿನಿಂದ ಎತ್ತಿದ ತುಣುಕು. ತಗಡಿನ ಮಳೆ ಮೇಲಿನ ಸ್ವರಗಳನ್ನು ಮುಚ್ಚುತ್ತದೆ, ಆ ಮಂದ್ರ ಮಾತ್ರ ಅದರಡಿಯಲ್ಲಿ ನುಸುಳಿ ಬಂದು ಕುರ್ಚಿಯ ಕಾಲಿಗೆ ತಾಗುತ್ತದೆ. ಒಂದು ಹಾಡಿನಲ್ಲಿ ಬಾಸ್ ನುಡಿಸಿದವರು ರಾನ್ ಕಾರ್ಟರ್, ಅರವತ್ತರ ದಶಕದಲ್ಲಿ ಮೈಲ್ಸ್ ಡೇವಿಸ್‌ನ ತಂಡದಲ್ಲಿದ್ದವರೇ. ಎಂಟರಲ್ಲಿ ಮಳೆಯ ಜೊತೆ ಜಗಳವಾಡದೆ ಕೂತದ್ದು ಇದೊಂದೇ. ಮಗಳು ಹೊರಡುವಾಗ ನಾಸ್‌ನನ್ನು ಒಯ್ದಳು, ಇದನ್ನು ನಾನು ಕೊಡಲಿಲ್ಲ.

ಬದಲಿಗೆ ಅವಳು ಕಳಿಸಿದ ಜಾನ್ ಕೋಲ್ಟ್ರೇನ್‌ನ ‘ಅ ಲವ್ ಸುಪ್ರೀಮ್’ ಮೊನ್ನೆ ಬಂತು. ಬಿಚ್ಚಿಲ್ಲ. ಹುತ್ತರಿ ಕಳೆದು, ಜಗಲಿಯ ತಗಡು ಪೂರ್ತಿ ಸುಮ್ಮನಾದ ಮೇಲೆ ಬಿಚ್ಚುವುದು ಎಂದು ಬೀರುವಿನ ತಳದ ಖಾನೆಯಲ್ಲಿಟ್ಟಿದ್ದೇನೆ.