ಒಂದೇ ಮದುವೆ, ಮೂರು ಥರದ ಇಂಪೋರ್ಟ್ ಪ್ರಿಸೆಟ್

ತೀರ್ಥಹಳ್ಳಿ ಹತ್ತಿರದ ಒಂದು ತೋಟದ ಮನೆಯ ಮದುವೆ. ಮೇ ತಿಂಗಳ ಕೊನೆ, ಬೆಳಿಗ್ಗೆಯಿಂದಲೇ ಮೋಡ. ಧಾರೆ ಅಂಗಳದ ಚಪ್ಪರದಲ್ಲಿ, ಊಟ ಹಿಂದಿನ ಶೆಡ್ಡಿನಲ್ಲಿ, ಮನೆಯವರ ಗ್ರೂಪ್ ಫೋಟೋ ಅಡಿಕೆ ತೋಟದ ಅಂಚಿನಲ್ಲಿ. ಎರಡು ಕ್ಯಾಮೆರಾ ಸೇರಿ 1,840 ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಇಟ್ಟ ಫೋಟೋ ಫೈಲ್). ರಾತ್ರಿ ಶಿವಮೊಗ್ಗಕ್ಕೆ ಬಂದು ಕಾರ್ಡ್ ರೀಡರ್ ಹಾಕಿದಾಗ ಹನ್ನೊಂದು ಗಂಟೆ.

ಆ ಹೊತ್ತಿನಲ್ಲಿ ಮಾಡುವ ಕೆಲಸ ಪ್ರತಿ ಸಲವೂ ಅದೇ. ಫೋಲ್ಡರ್ ಮಾಡು, ಫೈಲಿಗೆ ಹೆಸರು ಹಾಕು, ಇನ್ನೊಂದು ಡಿಸ್ಕಿಗೆ ಕಾಪಿ ತೆಗೆ, ಲೆನ್ಸ್ ಕರೆಕ್ಷನ್ ಆನ್ ಮಾಡು, ಕಾಪಿರೈಟ್ ತುಂಬು. ಮದುವೆ ಯಾವುದಾದರೂ ಇದರಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗದ ಕೆಲಸವನ್ನು ಕಂಪ್ಯೂಟರಿಗೆ ಬಿಡಬಹುದು, ಇಂಪೋರ್ಟ್ ಪ್ರಿಸೆಟ್, ಅಂದರೆ ಫೋಟೋ ಕಂಪ್ಯೂಟರಿಗೆ ತರುವಾಗಲೇ ಹತ್ತುವ ಸಿದ್ಧ ಸೆಟ್ಟಿಂಗ್, ಇರುವುದೇ ಅದಕ್ಕೆ. ಆದರೆ ಅದರೊಳಗೆ ಏನನ್ನು ತುಂಬಬೇಕು, ಏನನ್ನು ಬಿಡಬೇಕು ಅನ್ನುವುದು ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು. ಅದಕ್ಕೇ ಈ ಒಂದೇ ಮದುವೆಯ ಫೈಲ್‌ಗಳನ್ನು ಮೂರು ದಾರಿಯಲ್ಲಿ ಒಳಗೆ ತಂದು ನೋಡಿದೆ. ಒಂದು, ದುಡ್ಡು ಕೊಟ್ಟು ತಗೊಂಡ ಮದುವೆ ಪ್ರಿಸೆಟ್ಟನ್ನು ಲೈಟ್‌ರೂಮ್ ಕ್ಲಾಸಿಕ್ ಅನ್ನುವ ಫೋಟೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇಂಪೋರ್ಟ್ ಆಗುವಾಗಲೇ ಹಚ್ಚಿದ್ದು. ಎರಡು, ಅದೇ ಲೈಟ್‌ರೂಮ್‌ನಲ್ಲಿ ನಾನೇ ಮಾಡಿಕೊಂಡ ಸಣ್ಣ ಪ್ರಿಸೆಟ್. ಮೂರು, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್.

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಲೈಟ್‌ರೂಮ್‌ನಲ್ಲಿ ಪ್ರಿಸೆಟ್ ಅನ್ನುವ ಹೆಸರು ಎರಡು ಬೇರೆ ಬೇರೆ ವಸ್ತುಗಳಿಗೆ ಇದೆ. ಡೆವಲಪ್ ಪ್ರಿಸೆಟ್ ಅಂದರೆ ಬಣ್ಣ, ಕಾಂಟ್ರಾಸ್ಟ್, ಶಾರ್ಪ್‌ನೆಸ್ ಥರದ ಎಡಿಟಿಂಗ್. ಇಂಪೋರ್ಟ್ ಪ್ರಿಸೆಟ್ ಅಂದರೆ ಇಂಪೋರ್ಟ್ ಕಿಟಕಿಯ ಬಲಗಡೆ ಇರುವ ಎಲ್ಲ ಆಯ್ಕೆಗಳ ಒಂದು ಕಟ್ಟು: ಪ್ರಿವ್ಯೂ ಯಾವುದು, ಎರಡನೇ ಕಾಪಿ ಎಲ್ಲಿಗೆ, ಹೆಸರು ಹೇಗೆ, ಯಾವ ಡೆವಲಪ್ ಪ್ರಿಸೆಟ್ ಹಚ್ಚಬೇಕು, ಯಾವ ಮೆಟಾಡೇಟಾ (ಕಾಪಿರೈಟ್ ಥರದ ವಿವರ). ಎಲ್ಲ ಆರಿಸಿಕೊಂಡು ಕಿಟಕಿಯ ಕೆಳಗೆ ನಡುವಿನಲ್ಲಿ ಇರುವ ಮೆನುವಿನಲ್ಲಿ ಹೆಸರು ಕೊಟ್ಟು ಸೇವ್ ಮಾಡಿದರೆ ಆಯಿತು. ಮುಂದಿನ ಸಲ ಆ ಹೆಸರು ಒತ್ತಿದರೆ ಸಾಕು.

ಈಗ ಕೊಂಡ ಪ್ರಿಸೆಟ್ ವಿಷಯ. ಮೊದಲ ನೋಟಕ್ಕೆ ಚೆನ್ನಾಗಿಯೇ ಇತ್ತು. ಫೋಟೋಗಳು ಒಂದೊಂದಾಗಿ ಬರುವಾಗ ಆಲ್ಬಂನಲ್ಲಿ ಇಟ್ಟ ಹಾಗೇ ಕಾಣುತ್ತಿದ್ದವು. ಒಳಾಂಗಣದ ಕಾಶೀಯಾತ್ರೆ, ನಡುಮನೆಯ ದೀಪದ ಬೆಳಕು, ಅಜ್ಜಿಯರ ಮುಖ, ಎಲ್ಲಕ್ಕೂ ಒಂದು ಬೆಚ್ಚನೆಯ ಬಣ್ಣ. ಆಮೇಲೆ ತೋಟದ ಫೋಟೋಗಳು ಬಂದವು. ಈಗಿನ ಮದುವೆ ಪ್ರಿಸೆಟ್‌ಗಳಲ್ಲಿ ಹಸಿರನ್ನು ತಗ್ಗಿಸಿ ಕಂದು ಕಡೆಗೆ ಎಳೆಯುವುದು ಜಾಸ್ತಿ. ಹುಲ್ಲು ಒಣಗಿರುವ ಊರಿನಲ್ಲಿ ಅದು ಚೆಂದ ಕಾಣಬಹುದು. ಮೊದಲ ಮಳೆ ಬಿದ್ದು ಎಲೆಯೆಲ್ಲ ತೊಳೆದಂತಿರುವ ಮಲೆನಾಡಿನಲ್ಲಿ ಅಲ್ಲ. ಸ್ಯಾಂಪಲ್ ಅಂತ ನಾಲ್ಕು ಫೋಟೋ ಕಳಿಸಿದ್ದೆ. ಮನೆಯ ಯಜಮಾನರು ಫೋನ್ ಮಾಡಿದರು. "ಇದೆಂಥದು ಮಾರಾಯಾ, ನಮ್ಮ ತೋಟಕ್ಕೆ ಎಲೆಚುಕ್ಕಿ ರೋಗ ಬಂದ ಹಾಗೆ ಕಾಣ್ತದಲ್ಲ?"

ಎಲೆಚುಕ್ಕಿಯಿಂದ ಅಡಿಕೆ ಮರಗಳು ಸೊರಗುವುದನ್ನು ಕಣ್ಣಾರೆ ನೋಡುತ್ತಿರುವವರು ಅವರು. ಆ ಮಾತು ನನಗೆ ನಾಟಿತು. ಫೋಟೋ ಅವರ ಮನೆಯದ್ದು, ತೋಟ ಅವರದ್ದು. ಬಣ್ಣ ಮಾತ್ರ ಬೇರೆ ಎಲ್ಲಿಯದೋ.

ಇನ್ನೊಂದು ತೊಂದರೆ ಬಣ್ಣಕ್ಕಿಂತ ಆಳದ್ದು. ಆ ಪ್ರಿಸೆಟ್‌ನೊಳಗೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಮತ್ತು ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳಗಾಗಿರಬೇಕು ಅನ್ನುವುದು) ಎರಡೂ ಸೇರಿಕೊಂಡಿದ್ದವು. ಅಂದರೆ ನಡುಮನೆಯ ಹಳದಿ ಬಲ್ಬಿಗೂ, ಮೋಡದ ಕೆಳಗಿನ ನೀಲಿ ಬೆಳಕಿಗೂ, ಶೆಡ್ಡಿನ ಟ್ಯೂಬ್‌ಲೈಟಿಗೂ ಒಂದೇ ಅಳತೆ. ಕ್ಯಾಮೆರಾ ಪ್ರತಿ ಫೋಟೋಗೂ ಬರೆದುಕೊಂಡಿದ್ದ ವೈಟ್ ಬ್ಯಾಲೆನ್ಸ್ ಮೇಲೆ ಈ ಅಳತೆ ಕೂತುಬಿಟ್ಟಿತು. ರಾ ಫೈಲ್ ಆದ್ದರಿಂದ ಏನೂ ಹಾಳಾಗಲಿಲ್ಲ, ಆ್ಯಸ್ ಶಾಟ್ ಅಂತ ಆರಿಸಿದರೆ ಮೊದಲಿನದ್ದು ಬರುತ್ತದೆ. ಆದರೆ ಕೆಲಸ ಎರಡು ಪಟ್ಟು. ಚಪ್ಪರದ ಹೊರಗೆ ನಿಂತವರ ಬಿಳಿ ಪಂಚೆಯ ಮಡಿಕೆ ಮಾಯವಾಗಿ ಬರೀ ಬಿಳಿ ಹಾಳೆಯಂತಾಗಿತ್ತು, ಎಕ್ಸ್‌ಪೋಷರ್ ಮೇಲಕ್ಕೆ ಹೋಗಿದ್ದರಿಂದ. 620 ಫೋಟೋ ಆರಿಸಿದ ಮೇಲೆ ಅವುಗಳ ಬಣ್ಣ ಸರಿ ಮಾಡಲು ನನಗೆ ಮೂರು ರಾತ್ರಿ ಬೇಕಾಯಿತು.

ಎರಡನೇ ದಾರಿಗೆ ಹೊಸ ಕ್ಯಾಟಲಾಗ್ (ಫೋಟೋ, ಎಡಿಟ್‌ಗಳ ಲೆಕ್ಕ ಇಡುವ ಲೈಟ್‌ರೂಮ್ ಫೈಲ್) ತೆರೆದು ಅದೇ ಫೈಲ್‌ಗಳನ್ನು ಮತ್ತೆ ತಂದೆ. ಈ ಸಲ ಡೆವಲಪ್ ಪ್ರಿಸೆಟ್‌ನಲ್ಲಿ ಇದ್ದದ್ದು ಮೂರೇ ಮೂರು: ಲೆನ್ಸಿನ ದೋಷ ಸರಿ ಮಾಡುವ ಲೆನ್ಸ್ ಪ್ರೊಫೈಲ್, ಅಂಚಿನ ನೇರಳೆ ಗೆರೆ ತೆಗೆಯುವ ಆಯ್ಕೆ, ಬಣ್ಣಕ್ಕೆ ಆರಂಭದ ರೂಪ ಕೊಡುವ ಕ್ಯಾಮೆರಾ ಪ್ರೊಫೈಲ್. ಪ್ರಿಸೆಟ್ ಮಾಡುವಾಗ ಬರುವ ಪಟ್ಟಿಯಲ್ಲಿ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಕ್ರಾಪ್ ಮುಂದಿನ ಟಿಕ್ ತೆಗೆದುಬಿಟ್ಟೆ. ಟಿಕ್ ಇಲ್ಲದ್ದನ್ನು ಪ್ರಿಸೆಟ್ ಮುಟ್ಟುವುದಿಲ್ಲ. ಇದು ಗೊತ್ತಿಲ್ಲದೆ ಎಲ್ಲಕ್ಕೂ ಟಿಕ್ ಹಾಕಿ ಸೇವ್ ಮಾಡುವವರೇ ಹೆಚ್ಚು.

ನಾಯ್ಸ್, ಅಂದರೆ ಮಂದ ಬೆಳಕಿನ ಫೋಟೋದಲ್ಲಿ ಕಾಣುವ ಕಾಳುಕಾಳು, ಅದನ್ನು ತೆಗೆಯುವ ಸೆಟ್ಟಿಂಗನ್ನು ಬೇರೆ ಕಡೆ ಇಟ್ಟೆ. 2020ರಿಂದ ಲೈಟ್‌ರೂಮ್ ಕ್ಲಾಸಿಕ್‌ನ ಪ್ರಿಫರೆನ್ಸಸ್ ಒಳಗೆ ರಾ ಡಿಫಾಲ್ಟ್ಸ್ ಅಂತ ಒಂದು ಭಾಗ ಇದೆ. ಅಲ್ಲಿ ಒಂದೊಂದು ಕ್ಯಾಮೆರಾಗೂ ಬೇರೆ ಬೇರೆ ಆರಂಭದ ಸೆಟ್ಟಿಂಗ್ ಕೊಡಬಹುದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಹೆಚ್ಚಿದಷ್ಟೂ ನಾಯ್ಸ್ ಹೆಚ್ಚು) 400, 1600, 6400ರಲ್ಲಿ ತೆಗೆದ ಮೂರು ಫೋಟೋಗಳಿಗೆ ನಾಯ್ಸ್ ಎಷ್ಟು ಬೇಕೋ ಅಷ್ಟು ಸರಿ ಮಾಡಿ, ಮೂರನ್ನೂ ಒಟ್ಟಿಗೆ ಆರಿಸಿ ಪ್ರಿಸೆಟ್ ಮಾಡಲು ಹೋದರೆ ಐಎಸ್‌ಒ ಅಡಾಪ್ಟಿವ್ ಅಂತ ಒಂದು ಚೌಕ ಕಾಣುತ್ತದೆ. ಅದಕ್ಕೆ ಟಿಕ್ ಹಾಕಿದರೆ ಮಧ್ಯದ ಐಎಸ್‌ಒಗಳಿಗೆ ಲೈಟ್‌ರೂಮ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಆ ಪ್ರಿಸೆಟ್ಟನ್ನೇ ರಾ ಡಿಫಾಲ್ಟ್ಸ್‌ನಲ್ಲಿ ಇಟ್ಟೆ. ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ಉಪಕಾರ. ಇಲ್ಲಿ ಮಧ್ಯಾಹ್ನ ಮೂರಕ್ಕೇ ಚಪ್ಪರದೊಳಗೆ ಕತ್ತಲೆ, ಹೊರಗೆ ಕಾಲಿಟ್ಟರೆ ಬೆಳಕು. ಐದು ನಿಮಿಷದಲ್ಲಿ ಐಎಸ್‌ಒ 400ರಿಂದ 6400ಕ್ಕೆ ಹೋಗಿ ಬರುತ್ತದೆ.

ಇಂಪೋರ್ಟ್ ಪ್ರಿಸೆಟ್‌ನ ಉಳಿದ ಭಾಗದಲ್ಲಿ ಪ್ರಿವ್ಯೂ ಬಗ್ಗೆ ಸ್ವಲ್ಪ ಯೋಚಿಸಬೇಕು. ಒನ್ ಟು ಒನ್, ಅಂದರೆ ಪೂರ್ತಿ ಅಳತೆಯ ಪ್ರಿವ್ಯೂ ಇಟ್ಟರೆ ಜೂಮ್ ಮಾಡಿ ನೋಡುವಾಗ ಹಿತ, ಆದರೆ ಕಟ್ಟುವುದಕ್ಕೆ ತುಂಬಾ ಹೊತ್ತು ಬೇಕು, ಡಿಸ್ಕ್ ಕೂಡ ತುಂಬುತ್ತದೆ. ಎಂಬೆಡೆಡ್ ಅಂಡ್ ಸೈಡ್‌ಕಾರ್ ಇಟ್ಟರೆ ಕ್ಯಾಮೆರಾ ತಾನೇ ಫೈಲಿನೊಳಗೆ ಇಟ್ಟ ಸಣ್ಣ ಜೆಪೆಗ್ ತೋರಿಸುತ್ತದೆ. ಬೇಗ ಬರುತ್ತದೆ, ಒಳ್ಳೆಯದು ಕೆಟ್ಟದ್ದು ಆರಿಸಲು ಅಷ್ಟು ಸಾಕು. ಕೊಂಡ ಪ್ರಿಸೆಟ್ ಜೊತೆ ಒನ್ ಟು ಒನ್ ಇಟ್ಟಾಗ 50 ನಿಮಿಷ ಕಾದಿದ್ದೆ. ಇಲ್ಲಿ ಎಂಬೆಡೆಡ್ ಇಟ್ಟು 20 ನಿಮಿಷಕ್ಕೆ ಆರಿಸಲು ಕೂತೆ. ಬಣ್ಣದ ಕೆಲಸ ಎರಡು ರಾತ್ರಿಗೆ ಮುಗಿಯಿತು. ಕಂಪ್ಯೂಟರ್ ಒಂದೇ, ಕೂತವನೂ ಒಬ್ಬನೇ. ಫೋಟೋಗಳ ಪರಿಚಯ ಆಗಿದ್ದರಿಂದಲೂ ಸ್ವಲ್ಪ ಹೊತ್ತು ಉಳಿದಿರಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಡುಪ್ಲಿಕೇಟ್ ಅನ್ನಿಸಿದ್ದನ್ನು ತರಬೇಡ ಅನ್ನುವ ಟಿಕ್ಕನ್ನು ದಯವಿಟ್ಟು ಪ್ರಿಸೆಟ್‌ನಲ್ಲೇ ಇಡಿ. ಮಳೆಗಾಲದಲ್ಲಿ ಇಂಪೋರ್ಟ್ ಅರ್ಧ ಆದಾಗ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ. ಈ ಟಿಕ್ ಇದ್ದರೆ ಕರೆಂಟ್ ಬಂದ ಮೇಲೆ ಅದೇ ಕಾರ್ಡಿನಿಂದ ಮತ್ತೆ ಶುರು ಮಾಡಬಹುದು, ಬಂದಾಗಿದ್ದನ್ನು ಬಿಟ್ಟು ಉಳಿದದ್ದನ್ನು ತರುತ್ತದೆ. ಎರಡನೇ ಕಾಪಿಯ ಡಿಸ್ಕನ್ನು ಕಣ್ಣಾರೆ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಈ ದಾರಿಯಲ್ಲೂ ಎರಡು ಕಡೆ ಪೆಟ್ಟು ತಿಂದಿದ್ದೇನೆ. ಒಂದು ಸಲ ಕೀವರ್ಡ್ ಜಾಗದಲ್ಲಿ "ಮದುವೆ, ತೀರ್ಥಹಳ್ಳಿ" ಅಂತ ಇದ್ದದ್ದು ಪ್ರಿಸೆಟ್‌ನೊಳಗೆ ಸೇರಿಹೋಯಿತು. ಆಮೇಲೆ ತಂದ ಹಕ್ಕಿ ಫೋಟೋಗಳಿಗೆಲ್ಲ ಅದೇ ಕೀವರ್ಡ್. ಈಗ ಆ ಜಾಗ ಖಾಲಿ ಇಟ್ಟೇ ಸೇವ್ ಮಾಡುತ್ತೇನೆ. ಇನ್ನೊಂದು, ಹೆಸರಿಗೆ ತಾರೀಕು ಮತ್ತು ಗಂಟೆ ಹಾಕುವ ಹಾಗೆ ಮಾಡಿದ್ದೆ. ಎರಡು ಕ್ಯಾಮೆರಾಗಳ ಗಡಿಯಾರದಲ್ಲಿ ಒಂದು ಗಂಟೆಯ ವ್ಯತ್ಯಾಸವಿತ್ತು. ಸಾಲಾಗಿ ನೋಡಿದರೆ ಮಾಂಗಲ್ಯಧಾರಣೆಯ ಫೋಟೋಗಳ ಮಧ್ಯೆ ಕಾಶೀಯಾತ್ರೆಯ ಛತ್ರಿ. ಲೈಟ್‌ರೂಮ್‌ನಲ್ಲಿ ಒಂದು ಕ್ಯಾಮೆರಾದ ಎಲ್ಲ ಫೋಟೋ ಆರಿಸಿ ಕ್ಯಾಪ್ಚರ್ ಟೈಮ್ ಒಟ್ಟಿಗೆ ಬದಲಿಸಬಹುದು, ಹಾಗೇ ಸರಿ ಮಾಡಿದೆ. ಮನೆ ಬಿಡುವ ಮೊದಲು ಎರಡೂ ಗಡಿಯಾರ ಪಕ್ಕ ಪಕ್ಕ ಇಟ್ಟು ನೋಡುವುದು ಇನ್ನೂ ಸುಲಭ.

ಡಾರ್ಕ್‌ಟೇಬಲ್ ಬೇರೆಯೇ ಥರ ಯೋಚಿಸುತ್ತದೆ. 2009ರಿಂದ ಇರುವ ಸಾಫ್ಟ್‌ವೇರ್, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಲ್ಲಿ ಎಲ್ಲವನ್ನೂ ಒಂದೇ ಕಟ್ಟಿಗೆ ಕಟ್ಟುವುದಿಲ್ಲ. ನಾಯ್ಸ್‌ಗೆ ಒಂದು, ಲೆನ್ಸಿಗೆ ಒಂದು ಅಂತ ಪ್ರತಿ ಮಾಡ್ಯೂಲಿಗೂ (ಎಡಿಟಿಂಗ್‌ನ ಒಂದೊಂದು ಸಲಕರಣೆಗೂ) ಅದರದ್ದೇ ಪ್ರಿಸೆಟ್. ಅದನ್ನು ಸೇವ್ ಮಾಡುವಾಗ, ಷರತ್ತಿಗೆ ಹೊಂದುವ ಫೋಟೋಗಳಿಗೆ ತಾನಾಗಿಯೇ ಹಚ್ಚು ಅಂತ ಹೇಳಬಹುದು. ಕ್ಯಾಮೆರಾ ಯಾವುದು, ಲೆನ್ಸ್ ಯಾವುದು, ಐಎಸ್‌ಒ ಎಷ್ಟರಿಂದ ಎಷ್ಟು, ಫೋಕಲ್ ಲೆಂತ್ ಎಷ್ಟು, ಎಲ್ಲವನ್ನೂ ಷರತ್ತಾಗಿ ಇಡಬಹುದು.

ಮದುವೆಯ ಫೈಲ್‌ಗಳಲ್ಲಿ ಇದು ನನಗೆ ಅಷ್ಟು ಒಗ್ಗಲಿಲ್ಲ. ಕಾಪಿ ಆಗುವುದು ಬೇಗ ಆಯಿತು, ಆದರೆ ಆರಿಸುವಾಗ ಥಂಬ್‌ನೇಲ್ ಬರುವುದು ನನ್ನ ಹಳೆಯ ಕಂಪ್ಯೂಟರಿನಲ್ಲಿ ನಿಧಾನ. ಕೈಗೆ ಅಭ್ಯಾಸವೂ ಕಡಿಮೆ. ಬಣ್ಣಕ್ಕೆ ಮೂರು ರಾತ್ರಿ ದಾಟಿತು.

ಆದರೆ ಆಗಸ್ಟ್‌ನಲ್ಲಿ ಮಂಡಗದ್ದೆಗೆ ಹೋಗಿ ಬಂದಾಗ ಇದರ ಬೆಲೆ ಗೊತ್ತಾಯಿತು. ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗಾ ನದಿಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ನಾನು ಹಕ್ಕಿಗೆ ಬಳಸುವುದು ಒಂದೇ ಉದ್ದ ಲೆನ್ಸ್. ಆ ಲೆನ್ಸಿನ ಹೆಸರು ಮತ್ತು 3200ಕ್ಕಿಂತ ಹೆಚ್ಚಿನ ಐಎಸ್‌ಒ, ಈ ಎರಡು ಷರತ್ತು ಇಟ್ಟು ನಾಯ್ಸ್ ಪ್ರಿಸೆಟ್ ಮಾಡಿದೆ. ಅದೇ ಲೆನ್ಸಿಗೆ ಎಕ್ಸ್‌ಪೋಷರ್ ಸ್ವಲ್ಪ ಕೆಳಗಿಳಿಸುವ ಇನ್ನೊಂದು. ಕಪ್ಪು ಮೋಡ, ಕಪ್ಪು ನೀರು, ನಡುವೆ ಬೆಳ್ಳಕ್ಕಿ. ಕ್ಯಾಮೆರಾ ಕತ್ತಲೆ ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಹಕ್ಕಿಯ ಬೆನ್ನಿನ ಗರಿ ಒಂದೂ ಕಾಣುವುದಿಲ್ಲ. ಈ ಪ್ರಿಸೆಟ್ ಹಚ್ಚಿಕೊಂಡು ಬಂದ ಫೋಟೋಗಳಲ್ಲಿ ರೆಕ್ಕೆ ಬಿಚ್ಚಿದ ಬೆಳ್ಳಕ್ಕಿಯ ಗರಿಗಳ ಸಾಲು ಎಣಿಸುವ ಹಾಗೆ ಕಾಣುತ್ತಿತ್ತು. ಅದೇ ಕಾರ್ಡಿನಲ್ಲಿ ದೋಣಿಯ, ದಡದ ಫೋಟೋಗಳೂ ಇದ್ದವು, ಬೇರೆ ಲೆನ್ಸಿನವು. ಅವುಗಳನ್ನು ಅದು ಮುಟ್ಟಲೇ ಇಲ್ಲ. ಮೇಲೆ ಎಕ್ಸ್‌ಪೋಷರ್ ಬೇಡ ಅಂದವನು ಇಲ್ಲಿ ಸೇರಿಸಿದ್ದು ಈ ಷರತ್ತು ಇರುವ ಧೈರ್ಯಕ್ಕೇ. ಒಂದು ಮಾತು ನೆನಪಿರಲಿ: ಇಲ್ಲಿ ಪ್ರಿಸೆಟ್ಟನ್ನು ಆಮೇಲೆ ಬದಲಿಸಿದರೆ, ಆಗಲೇ ಎಡಿಟ್ ಹಿಸ್ಟರಿ ಇರುವ ಫೋಟೋಗೆ ಅದು ಹತ್ತುವುದಿಲ್ಲ. ಆ ಹಿಸ್ಟರಿ ಅಳಿಸಿದರೆ ಮಾತ್ರ ಹೊಸದು ಬರುತ್ತದೆ.

ಹಾಗಾಗಿ ಈಗ ಮದುವೆಗೆ ಲೈಟ್‌ರೂಮ್‌ನ ಸಣ್ಣ ಪ್ರಿಸೆಟ್, ಹಕ್ಕಿಗೆ ಡಾರ್ಕ್‌ಟೇಬಲ್. ತಿಂಗಳು ತಿಂಗಳು ದುಡ್ಡು ಕಟ್ಟಲು ಆಗದ ಹೊಸ ಹುಡುಗರು ಕೇಳಿದರೆ ಸೀದಾ ಡಾರ್ಕ್‌ಟೇಬಲ್ ಅನ್ನುತ್ತೇನೆ, ಮೊದಲ ಎರಡು ವಾರ ಕಷ್ಟ ಆದರೂ. ಕೊಂಡ ಪ್ರಿಸೆಟ್ಟನ್ನು ಬಿಸಾಡಿಲ್ಲ. ಒಳಾಂಗಣದ ಫೋಟೋಗಳಿಗೆ ಆರಿಸಿದ ಮೇಲೆ ಹಚ್ಚುತ್ತೇನೆ, ಇಂಪೋರ್ಟ್‌ನಲ್ಲಿ ಅಲ್ಲ.

ಮೂರರಲ್ಲಿ ಯಾವುದಕ್ಕೂ ಆಗದ ಕೆಲಸವೊಂದು ಉಳಿದಿದೆ. ಅಡಿಕೆ ತೋಟದಲ್ಲಿ ನಿಂತವರ ಮುಖಕ್ಕೆ ಎಲೆಯಿಂದ ತಿರುಗಿ ಬಂದ ಹಸಿರು ಬೆಳಕು ಬೀಳುತ್ತದೆ. ಕೆನ್ನೆಯ ಕೆಳಗೆ, ಕುತ್ತಿಗೆಯಲ್ಲಿ ಜಾಸ್ತಿ. ಹಸಿರು-ನೇರಳೆ ಸಮತೋಲ ಬದಲಿಸುವ ಟಿಂಟ್ ಸ್ಲೈಡರನ್ನು ನೇರಳೆ ಕಡೆ ಎಳೆದರೆ ಮುಖ ಸರಿಯಾಗುತ್ತದೆ, ತೋಟ ಕೆಡುತ್ತದೆ. ಅದಕ್ಕೆ ಮುಖದ ಮೇಲೆ ಮಾತ್ರ ಮಾಸ್ಕ್ ಹಾಕಿ ಟಿಂಟ್ ಸ್ವಲ್ಪವೇ ಸರಿಸುತ್ತೇನೆ. ಮದುಮಗಳ ಅಮ್ಮ ಬಾಳೆಗಿಡದ ಪಕ್ಕ ನಿಂತಾಗ ಒಂದಷ್ಟು, ಎರಡು ಹೆಜ್ಜೆ ಅಂಗಳದ ಕಡೆ ಬಂದಾಗ ಅದರ ಅರ್ಧ. ಆ ಮದುವೆಯ 74 ತೋಟದ ಫೋಟೋಗಳನ್ನು ಹಾಗೇ ಒಂದೊಂದಾಗಿ ಮಾಡಿ ಕಳಿಸಿದೆ. ಈ ಸಲ ಯಜಮಾನರ ಫೋನ್ ಬಂದದ್ದು ಆಲ್ಬಂ ಯಾವಾಗ ಸಿಗ್ತದೆ ಅಂತ ಕೇಳಲು.